ಕೆಲಸವಿಲ್ಲದ ಹುಡುಗ ಹುಡುಕಿಕೊಟ್ಟ ಗ್ರಹ

ಮಗ ಹುಟ್ಟಿದ ತಾರೀಖು ಆ ತಾಯಿಗೆ ಗೊತ್ತಿರಲಿಲ್ಲ. ಬರೆದಿಟ್ಟುಕೊಳ್ಳೋಣವೆಂದರೆ ಅಕ್ಷರ ಅಷ್ಟಕ್ಕಷ್ಟೇ. ನೆನಪಿದ್ದದ್ದು ಇಷ್ಟು: ಅದು ಬುಧವಾರ, ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಇನ್ನೂ ಎಂಟು ದಿನವಿತ್ತು. ನಮ್ಮ ಅಜ್ಜಿಯರೂ ಹೀಗೇ ಅಲ್ಲವೇ? ಗೌರಿ ಹಬ್ಬ ಕಳೆದು ಮೂರನೇ ಸೋಮವಾರ, ಹೊರಗೆ ಜೋರು ಮಳೆ ಎನ್ನುತ್ತಾರೆಯೇ ಹೊರತು ತಾರೀಖು ಹೇಳುವುದಿಲ್ಲ. ಆ ಹಬ್ಬ ಬರುವುದು ಈಸ್ಟರ್ ಆಗಿ 39 ದಿನಕ್ಕೆ. ಈಸ್ಟರ್ ಚಂದ್ರನನ್ನು ನೋಡಿಕೊಂಡು ವರ್ಷ ವರ್ಷವೂ ಜಾಗ ಬದಲಿಸುತ್ತದೆ. ಮಗ ದೊಡ್ಡವನಾದ ಮೇಲೆ, ಯಾವ ವರ್ಷ ಈಸ್ಟರ್ ಯಾವ ದಿನ ಬೀಳುತ್ತದೆ ಎಂದು ಹೇಳುವ ಸೂತ್ರವನ್ನೇ ಕಟ್ಟಿ 1800ರಲ್ಲಿ ಪ್ರಕಟಿಸಿದ. 1777ರ ಈಸ್ಟರ್ ಮಾರ್ಚ್ 30ಕ್ಕೆ. ಅಲ್ಲಿಂದ 39 ದಿನ ಮುಂದೆ ಹೋಗಿ ಎಂಟು ದಿನ ಹಿಂದೆ ಬಂದರೆ ಏಪ್ರಿಲ್ 30. ಬುಧವಾರವೇ!

ಆ ಮಗ ಕಾರ್ಲ್ ಫ್ರೆಡ್ರಿಕ್ ಗಾಸ್. ಎಂಜಿನಿಯರಿಂಗ್ ಓದುವ ನಮಗೆ ಈ ಹೆಸರು ಕಂಡರೆ ಸ್ವಲ್ಪ ಭಯ. ಗಾಸ್ ಎಲಿಮಿನೇಷನ್, ಗಾಸ್ ಡೈವರ್ಜೆನ್ಸ್, ಗಾಸಿಯನ್ ನಾಯ್ಸ್ ಎಂದು ಮೊದಲ ಸೆಮಿಸ್ಟರ್‌ನಿಂದ ಬೆನ್ನು ಬಿಡದವನು. ಆದರೆ ಮೆಷಿನ್ ಲರ್ನಿಂಗ್ ಓದತೊಡಗಿದ ಮೇಲೆ ಅವನ ಬದುಕನ್ನು ಬೇರೆ ಕಣ್ಣಿನಿಂದ ನೋಡುವಂತಾಯಿತು. ಅವನು ಜೀವನವಿಡೀ ಮಾಡಿದ್ದು, ತಾಯಿಯ ನೆನಪಿನಿಂದ ತಾರೀಖು ಹೊರತೆಗೆದಂಥ ಕೆಲಸವನ್ನೇ. ಕಂಡದ್ದನ್ನು ಹಿಡಿದುಕೊಂಡು ಕಾಣದ್ದರ ಕಡೆಗೆ ಹಿಮ್ಮುಖವಾಗಿ ನಡೆಯುವುದು. ಭೌತವಿಜ್ಞಾನದಲ್ಲಿ ಇದಕ್ಕೆ ಇನ್ವರ್ಸ್ ಪ್ರಾಬ್ಲಂ ಎನ್ನುತ್ತಾರೆ. ಕನ್ನಡದಲ್ಲಿ ವಿಲೋಮ ಸಮಸ್ಯೆ ಎನ್ನೋಣ.

ಅಡುಗೆಮನೆಯ ಉದಾಹರಣೆ ಸಾಕು. ಇಷ್ಟು ಬೇಳೆ, ಇಷ್ಟು ಹುಳಿ, ಇಷ್ಟು ಸಾರಿನ ಪುಡಿ ಹಾಕಿದರೆ ಸಾರು ಹೇಗಾಗುತ್ತದೆ ಎಂದು ಅಮ್ಮನಿಗೆ ಗೊತ್ತು. ಇದು ನೇರ ದಾರಿ. ತಟ್ಟೆಗೆ ಬಿದ್ದ ಸಾರಿನ ರುಚಿ ನೋಡಿ ಯಾವುದನ್ನು ಎಷ್ಟು ಹಾಕಿದ್ದಾರೆ ಎಂದು ಹೇಳುವುದು ವಿಲೋಮ ದಾರಿ. ಇಲ್ಲಿ ಎರಡು ತೊಡಕು. ಹುಳಿ ಬಂದದ್ದು ಹುಣಸೆಯಿಂದಲೋ ಟೊಮೆಟೊದಿಂದಲೋ, ನಾಲಿಗೆಗೆ ಒಂದೇ ರುಚಿ. ಜತೆಗೆ ನಾಲಿಗೆ ಸ್ವಲ್ಪ ಕೆಟ್ಟಿದ್ದರೆ ಉತ್ತರ ಪೂರ್ತಿ ಎಲ್ಲಿಗೋ ಹೋಗುತ್ತದೆ. ವಿಜ್ಞಾನಿಗಳು ದೊಡ್ಡ ದೊಡ್ಡ ಯಂತ್ರ ಕಟ್ಟಿ ಪಡುವ ಪಾಡೂ ಇದೇ. ಅವರಿಗೆ ಸಿಗುವುದು ರುಚಿ ಮಾತ್ರ, ಬೇಕಾಗಿರುವುದು ಪದಾರ್ಥಗಳ ಪಟ್ಟಿ.

ಗಾಸ್ ಹುಟ್ಟಿದ್ದು ಜರ್ಮನಿಯ ಬ್ರನ್ಸ್‌ವಿಕ್ ಊರಿನ ಬಡ ಮನೆಯಲ್ಲಿ. ಅಪ್ಪ ಗಾರೆ ಕೆಲಸ, ತೋಟದ ಕೆಲಸ ಎಂದು ಸಿಕ್ಕಿದ್ದು ಮಾಡುತ್ತಿದ್ದ. 1ರಿಂದ 100ರವರೆಗೆ ಕ್ಷಣದಲ್ಲಿ ಕೂಡಿಸಿದ ಕಥೆ ಎಲ್ಲರಿಗೂ ಗೊತ್ತು, ಬಿಡಿ. ಅದಕ್ಕಿಂತ ಮುಖ್ಯವಾದದ್ದು ಶಾಲೆಯಲ್ಲಿ ಬಾರ್ಟೆಲ್ಸ್ ಎಂಬ ಎಳೆಯ ಸಹಾಯಕ ಈ ಹುಡುಗನನ್ನು ಗುರುತಿಸಿದ್ದು, ಸುದ್ದಿ ಊರಿನ ಡ್ಯೂಕ್‌ವರೆಗೆ ಮುಟ್ಟಿದ್ದು. 14ನೇ ವಯಸ್ಸಿನಿಂದ ಗಾಸ್‌ನ ಓದಿನ ಖರ್ಚು ಡ್ಯೂಕ್ ಕಾರ್ಲ್ ವಿಲ್ಹೆಲ್ಮ್ ಫರ್ಡಿನಾಂಡ್‌ನ ಪಾಲಿಗೆ ಬಂತು. 1795ರಲ್ಲಿ ಗೊಟಿಂಗೆನ್ ವಿಶ್ವವಿದ್ಯಾಲಯ, 1799ರಲ್ಲಿ ಡಾಕ್ಟರೇಟ್. 1801ರಲ್ಲಿ ಸಂಖ್ಯಾಶಾಸ್ತ್ರದ ದೊಡ್ಡ ಗ್ರಂಥ ಹೊರಬಂತು. ಓದಿ ಅರ್ಥ ಮಾಡಿಕೊಂಡವರು ಬೆರಳೆಣಿಕೆಯಷ್ಟು.

ಕೆಲಸ ಹುಡುಕುತ್ತಿರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗ ಗಾಸ್‌ಗೆ 24. ಡಾಕ್ಟರೇಟ್ ಇದೆ, ಪುಸ್ತಕ ಇದೆ, ಕೆಲಸ ಇಲ್ಲ. ಹುಟ್ಟಿದೂರಿನಲ್ಲೇ ಕೂತು ಡ್ಯೂಕ್ ಕೊಡುವ ಹಣದಲ್ಲಿ ಊಟ ಮಾಡುತ್ತಿದ್ದಾನೆ. ಕೊಡುವ ಕೈ ನಿಂತರೆ ಮುಂದೇನು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಅದೇ ವರ್ಷದ ಮೊದಲ ದಿನ, 1801ರ ಜನವರಿ 1ರಂದು, ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಟ್ಸಿ ಎಂಬ ಪಾದ್ರಿ-ಖಗೋಳಜ್ಞ ಆಕಾಶದಲ್ಲಿ ಒಂದು ಹೊಸ ಚುಕ್ಕೆ ಕಂಡ. ಮರುದಿನ ಅದು ಸ್ವಲ್ಪ ಸರಿದಿತ್ತು. ನಕ್ಷತ್ರವಾದರೆ ಹಾಗೆ ಸರಿಯುವುದಿಲ್ಲ. ಮಂಗಳ ಮತ್ತು ಗುರುವಿನ ನಡುವೆ ಒಂದು ಗ್ರಹ ಇರಲೇಬೇಕೆಂದು ಯುರೋಪಿನ ಖಗೋಳಜ್ಞರು ಹುಡುಕುತ್ತಿದ್ದ ಕಾಲ ಅದು. ಫೆಬ್ರವರಿ 11ರವರೆಗೆ, ಅಂದರೆ 41 ದಿನಗಳ ಅವಧಿಯಲ್ಲಿ, ಮೋಡವಿಲ್ಲದ ರಾತ್ರಿಗಳಲ್ಲಿ ಪಿಯಾಟ್ಸಿ ಅದರ ಸ್ಥಾನ ಬರೆದುಕೊಂಡ. ಆಮೇಲೆ ಕಾಯಿಲೆ ಬಿದ್ದ. ಅಷ್ಟರಲ್ಲಿ ಚುಕ್ಕೆ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಸೀರಿಸ್ ಎಂದು ಹೆಸರಿಟ್ಟದ್ದಷ್ಟೇ ಬಂತು, ಗ್ರಹ ಕಳೆದುಹೋಯಿತು!

ಸೀರಿಸ್ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ನಾಲ್ಕೂವರೆ ವರ್ಷ ಬೇಕು. ಪಿಯಾಟ್ಸಿ ಕಂಡದ್ದು ಆ ಸುತ್ತಿನ ನಲವತ್ತರಲ್ಲಿ ಒಂದು ಪಾಲು. ಅದೂ ದಿಕ್ಕು ಮಾತ್ರ. ದೂರದರ್ಶಕದಲ್ಲಿ ಚುಕ್ಕೆ ಎಷ್ಟು ದೂರ ಇದೆ ಎಂಬುದು ಕಾಣುವುದಿಲ್ಲ. ನೋಡುವವನು ನಿಂತ ಭೂಮಿಯೂ ಸುಮ್ಮನಿಲ್ಲ, ಅದೂ ಓಡುತ್ತಿದೆ. ಈ ತುಣುಕಿನಿಂದ ಪೂರ್ತಿ ಕಕ್ಷೆಯನ್ನು ಹೊರತೆಗೆದು, ಹತ್ತು ತಿಂಗಳ ನಂತರ ದೂರದರ್ಶಕವನ್ನು ಯಾವ ಕಡೆ ತಿರುಗಿಸಬೇಕೆಂದು ಹೇಳಬೇಕು. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಉತ್ತರದಲ್ಲಿ ಅದು ಬೆಟ್ಟದಷ್ಟಾಗುತ್ತದೆ. ಕೆಟ್ಟ ನಾಲಿಗೆಯ ಸಮಸ್ಯೆ ಅಂದೆನಲ್ಲ, ಅದು.

ಸೆಪ್ಟೆಂಬರ್‌ನಲ್ಲಿ ತ್ಸಾಖ್ ಎಂಬ ಖಗೋಳಜ್ಞ ತನ್ನ ಮಾಸಪತ್ರಿಕೆಯಲ್ಲಿ ಪಿಯಾಟ್ಸಿಯ ಅಳತೆಗಳನ್ನು ಅಚ್ಚು ಹಾಕಿಸಿದ. ಹಲವರು ಲೆಕ್ಕಕ್ಕೆ ಕೂತರು. ಕಕ್ಷೆ ವೃತ್ತವೇ ಎಂದುಕೊಂಡು ಕೆಲವರು ಹೊರಟರು, ಲೆಕ್ಕ ಸುಲಭವಾಗುತ್ತದೆ ನೋಡಿ. ಗಾಸ್ ಆ ಅನುಕೂಲ ತೆಗೆದುಕೊಳ್ಳಲಿಲ್ಲ. ಅವನು ನಂಬಿದ್ದು ಒಂದನ್ನೇ: ಸೀರಿಸ್ ಕೂಡ ಕೆಪ್ಲರ್ ಮತ್ತು ನ್ಯೂಟನ್ ಹೇಳಿದ ನಿಯಮಕ್ಕೆ ಕಟ್ಟುಬಿದ್ದಿದೆ, ಸೂರ್ಯ ಆ ಕಕ್ಷೆಯ ನಾಭಿಯಲ್ಲಿದ್ದಾನೆ. ಕಕ್ಷೆಯೊಂದನ್ನು ಪೂರ್ತಿ ಹೇಳಲು ಆರು ಸಂಖ್ಯೆ ಬೇಕು. ಒಂದು ರಾತ್ರಿಯ ಅಳತೆಯಿಂದ ಎರಡು ಕೋನ ಸಿಗುತ್ತದೆ. ಹಾಗಾದರೆ ಮೂರು ರಾತ್ರಿ ಸಾಕು. ಹೇಳಲು ಇಷ್ಟೇ. ಮಾಡಲು ಹೋದರೆ ಸಮೀಕರಣಗಳು ನೇರವಾಗಿ ಬಿಡಿಸಲು ಬರುವುದಿಲ್ಲ. ಗಾಸ್ ಮೊದಲು ದೂರಕ್ಕೆ ಒಂದು ಒರಟು ಅಂದಾಜು ಹಿಡಿದ. ಅದರಿಂದ ಲೆಕ್ಕ ಮಾಡಿ ಬಂದ ತಪ್ಪನ್ನು ನೋಡಿ ಅಂದಾಜು ತಿದ್ದಿದ. ಮತ್ತೆ ಲೆಕ್ಕ, ಮತ್ತೆ ತಿದ್ದುಪಡಿ. ನ್ಯೂರಲ್ ನೆಟ್‌ವರ್ಕ್‌ಗೆ ತರಬೇತಿ ಕೊಡುವಾಗ ಕಂಪ್ಯೂಟರ್ ಲಕ್ಷಾಂತರ ಬಾರಿ ಮಾಡುವ ಸುತ್ತೂ ಸ್ಥೂಲವಾಗಿ ಇದೇ: ಊಹಿಸು, ಹೋಲಿಸು, ತಿದ್ದು. ವಿಧಾನ ಒಂದೇ ಎಂದು ನಾನು ಹೇಳುತ್ತಿಲ್ಲ, ಜಾಡು ಒಂದೇ. ಗಾಸ್‌ನ ಕಂಪ್ಯೂಟರ್ ಅವನ ತಲೆ ಮತ್ತು ಲಾಗರಿದಂ ಪುಸ್ತಕ.

ಅವನ ಉತ್ತರ ಉಳಿದವರ ಉತ್ತರಕ್ಕಿಂತ ಬಹಳ ಬೇರೆ ಕಡೆ ಬೆರಳು ತೋರಿಸುತ್ತಿತ್ತು. ಹೆಸರಾಂತ ಖಗೋಳಜ್ಞರ ಮಾತು ಬಿಟ್ಟು ಕೆಲಸವಿಲ್ಲದ ಹುಡುಗನ ಮಾತು ಯಾರು ಕೇಳಬೇಕು? ತ್ಸಾಖ್ ಕೇಳಿದ. 1801ರ ಕೊನೆಯ ರಾತ್ರಿ ಅವನಿಗೆ, ಅದರ ಬೆನ್ನಿಗೇ ಬ್ರೆಮೆನ್‌ನಲ್ಲಿ ವೈದ್ಯನಾಗಿದ್ದ ಓಲ್ಬರ್ಸ್‌ಗೆ ಸೀರಿಸ್ ಸಿಕ್ಕಿತು. ಗಾಸ್ ಹೇಳಿದ ಜಾಗಕ್ಕೂ ಅದು ಸಿಕ್ಕ ಜಾಗಕ್ಕೂ ಇದ್ದ ಅಂತರ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನ ಅಗಲ, ಅರ್ಧ ಡಿಗ್ರಿ.

ಯುರೋಪಿಗೆಲ್ಲ ಹೆಸರು ಹರಡಿತು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಕರೆ ಬಂತು. ಡ್ಯೂಕ್ ಸಂಭಾವನೆ ಹೆಚ್ಚಿಸಿದ, ಗಾಸ್ ಹೋಗಲಿಲ್ಲ. 1805ರಲ್ಲಿ ಯೊಹಾನ್ನಾ ಎಂಬವಳನ್ನು ಮದುವೆಯಾದ. ಆದರೆ 1806ರಲ್ಲಿ ನೆಪೋಲಿಯನ್ ಸೈನ್ಯದೆದುರು ಹೋರಾಡಿದ ಡ್ಯೂಕ್ ಗಾಯಗೊಂಡು ತೀರಿಕೊಂಡ. ಹೆದರಿದ್ದು ಆಗಿಯೇಹೋಯಿತು. ಆಗ ಕೈಹಿಡಿದದ್ದು ಸೀರಿಸ್‌ನಿಂದ ಬಂದ ಹೆಸರು. 1807ರಲ್ಲಿ ಗೊಟಿಂಗೆನ್ ವೀಕ್ಷಣಾಲಯದ ನಿರ್ದೇಶಕನಾದ. 30ನೇ ವಯಸ್ಸಿಗೆ ಮೊದಲ ಖಾಯಂ ಕೆಲಸ. ಸಾಯುವವರೆಗೆ ಅಲ್ಲೇ ಇದ್ದ.

1809ರಲ್ಲಿ ಗ್ರಹಗಳ ಚಲನೆಯ ಬಗ್ಗೆ ಅವನ ಗ್ರಂಥ ಲ್ಯಾಟಿನ್‌ನಲ್ಲಿ ಬಂತು. ಮೆಷಿನ್ ಲರ್ನಿಂಗ್ ಓದುವವರ ಮಟ್ಟಿಗೆ ಇದು ಮೂಲಗ್ರಂಥ. ಅಳತೆಗಳು ಬೇಕಾದ್ದಕ್ಕಿಂತ ಹೆಚ್ಚಿದ್ದು, ಒಂದಕ್ಕೊಂದು ಸರಿಹೊಂದದಿದ್ದರೆ ಏನು ಮಾಡಬೇಕು? ಪ್ರತಿ ಅಳತೆಗೂ ನಮ್ಮ ಲೆಕ್ಕಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ, ಆ ಮೊತ್ತ ಅತಿ ಕಡಿಮೆಯಾಗುವ ಉತ್ತರ ಹಿಡಿಯಬೇಕು. ಲೀಸ್ಟ್ ಸ್ಕ್ವೇರ್ಸ್, ಅಂದರೆ ಕನಿಷ್ಠ ವರ್ಗಗಳ ವಿಧಾನ. ನಮ್ಮ ಲ್ಯಾಬ್‌ನಲ್ಲಿ ಲಾಸ್ ಫಂಕ್ಷನ್ ಎಂದು ಒಂದು ಸಾಲಿನಲ್ಲಿ ಟೈಪ್ ಮಾಡುವುದು ಹೆಚ್ಚಾಗಿ ಇದನ್ನೇ.

ಈ ವಿಧಾನವನ್ನು 1805ರಲ್ಲೇ ಫ್ರಾನ್ಸಿನ ಲೆಜಾಂದ್ರ್ ಪ್ರಕಟಿಸಿದ್ದ. ಗಾಸ್ ತನ್ನ ಗ್ರಂಥದಲ್ಲಿ, ಇದನ್ನು ತಾನು 1795ರಿಂದಲೇ ಬಳಸುತ್ತಿದ್ದೇನೆ ಎಂದು ಬರೆದುಬಿಟ್ಟ. ಲೆಜಾಂದ್ರ್‌ಗೆ ಉರಿದುಹೋಯಿತು, ಕೊನೆಯವರೆಗೂ ಆರಲಿಲ್ಲ. ಗಾಸ್ ಸುಳ್ಳು ಹೇಳುವವನಲ್ಲ ಎಂದೇ ಇತಿಹಾಸಕಾರರಲ್ಲಿ ಹೆಚ್ಚಿನವರ ಅಭಿಪ್ರಾಯ. ಆದರೂ ನನ್ನ ಸಹಾನುಭೂತಿ ಲೆಜಾಂದ್ರ್ ಕಡೆಗೆ. ಹತ್ತು ವರ್ಷ ಡ್ರಾಯರ್‌ನಲ್ಲಿಟ್ಟುಕೊಂಡು, ಬೇರೆಯವರು ಹೊರತಂದ ಮೇಲೆ ನನ್ನದೂ ಇತ್ತು ಎನ್ನುವುದು ಯಾವ ನ್ಯಾಯ? ಪೂರ್ತಿ ಪಕ್ವವಾಗದೆ ಏನನ್ನೂ ಹೊರಗೆ ಬಿಡುವುದಿಲ್ಲ ಎಂಬುದು ಗಾಸ್‌ನ ಹಟ. ಅದರಿಂದ ಅವನಿಗಿಂತ ಉಳಿದವರಿಗೆ ಹೆಚ್ಚು ನಷ್ಟವಾಯಿತು.

ಆದರೆ ಗಾಸ್ ಮಾಡಿದ, ಲೆಜಾಂದ್ರ್ ಮಾಡದ ಕೆಲಸವೊಂದಿದೆ. ವರ್ಗವೇ ಏಕೆ ಎಂದು ಗಾಸ್ ಕೇಳಿಕೊಂಡ. ಹಲವು ಅಳತೆಗಳ ಸರಾಸರಿಯೇ ಹೆಚ್ಚು ಸಂಭವನೀಯ ಬೆಲೆ ಎಂದು ಊಹಿಸಿದರೆ, ತಪ್ಪುಗಳು ಗಂಟೆಯಾಕಾರದ ಒಂದು ರೇಖೆಯಂತೆ ಹರಡಿರಬೇಕು, ಹಾಗೆ ಹರಡಿದ್ದರೆ ಕನಿಷ್ಠ ವರ್ಗವೇ ಸರಿ ಎಂದು ತೋರಿಸಿದ. ಉತ್ತರದ ಜತೆಗೆ, ಉತ್ತರ ಯಾವ ಊಹೆಯ ಮೇಲೆ ನಿಂತಿದೆ ಎಂಬುದನ್ನೂ ಮೇಜಿನ ಮೇಲಿಟ್ಟ. ಅಷ್ಟೇ ಅಲ್ಲ, ಆ ಊಹೆ ತನಗೇ ಸಮಾಧಾನ ಕೊಡದೆ 1820ರ ದಶಕದಲ್ಲಿ, ಗಂಟೆಯಾಕಾರದ ರೇಖೆಯ ಹಂಗಿಲ್ಲದ ಇನ್ನೊಂದು ಸಮರ್ಥನೆ ಬರೆದ.

ಈ ಮಾತು ನನಗೆ ನಾಟಿದ್ದು ನಮ್ಮ ಮಿನಿ ಪ್ರಾಜೆಕ್ಟ್ ಕೆಟ್ಟ ಮೇಲೆ. ಲೋಹದ ಸರಳಿನ ಮೇಲ್ಮೈಯಲ್ಲಿ ನಾಲ್ಕು ಕಡೆ ಉಷ್ಣತೆ ಅಳೆದು, ಒಳಗಿನ ಹೀಟರ್ ಎಲ್ಲಿದೆ, ಎಷ್ಟು ಶಾಖ ಕೊಡುತ್ತಿದೆ ಎಂದು ನ್ಯೂರಲ್ ನೆಟ್‌ವರ್ಕ್‌ನಿಂದ ಹೇಳಿಸಬೇಕಿತ್ತು. ತರಬೇತಿಗೆ ಬೇಕಾದ ಸಾವಿರಾರು ಉದಾಹರಣೆಗಳನ್ನು ಕಂಪ್ಯೂಟರ್‌ನಲ್ಲೇ ಲೆಕ್ಕ ಮಾಡಿ ತಯಾರಿಸಿದೆವು. ಪರೀಕ್ಷೆಯಲ್ಲಿ ಚೊಕ್ಕ ಫಲಿತಾಂಶ. ನಿಜವಾದ ಸರಳು ತಂದಿಟ್ಟರೆ ಉತ್ತರ ಸರಳಿನ ಮತ್ತೊಂದು ತುದಿಯಲ್ಲಿ! ಹೀಟರ್ ಒಂದೇ ಸಮ ಉರಿಯುತ್ತದೆ ಎಂದು ನಮ್ಮ ಉದಾಹರಣೆಗಳಲ್ಲಿತ್ತು. ಲ್ಯಾಬ್‌ನ ಹೀಟರ್‌ಗೆ ಥರ್ಮೋಸ್ಟಾಟ್ ಇತ್ತು, ಅದು ಆಗಾಗ ಆರಿ ಹೊತ್ತಿಕೊಳ್ಳುತ್ತಿತ್ತು. ನಾವು ಊಹೆಯೊಂದನ್ನು ಇಟ್ಟಿದ್ದೆವು, ಇಟ್ಟಿದ್ದೇವೆಂದೇ ಗೊತ್ತಿರಲಿಲ್ಲ. ನೆಟ್‌ವರ್ಕ್ ಮಾತ್ರ ತಪ್ಪು ಉತ್ತರವನ್ನೂ ಅಷ್ಟೇ ಠೀವಿಯಿಂದ ಕೊಟ್ಟಿತು.

ದೊಡ್ಡವರ ಪ್ರಯೋಗಗಳಲ್ಲೂ ಪ್ರಶ್ನೆ ಇದೇ. 2019ರ ಏಪ್ರಿಲ್‌ನಲ್ಲಿ ಎಂ87 ಗ್ಯಾಲಕ್ಸಿಯ ಕಪ್ಪುರಂಧ್ರದ ಚಿತ್ರ ಬಂದದ್ದು ನೆನಪಿರಬಹುದು, ಆ ಕಿತ್ತಳೆ ಬಣ್ಣದ ಬಳೆ. ಅದು ಕ್ಯಾಮೆರಾದಲ್ಲಿ ಕ್ಲಿಕ್ ಮಾಡಿದ ಫೋಟೊ ಅಲ್ಲ. ಭೂಮಿಯ ಬೇರೆ ಬೇರೆ ಕಡೆಯ ಎಂಟು ರೇಡಿಯೊ ದೂರದರ್ಶಕಗಳು ಹಿಡಿದ ಚೂರುಪಾರು ಸಂಕೇತಗಳಿಂದ ಹಿಮ್ಮುಖವಾಗಿ ಕಟ್ಟಿದ್ದು. ಆ ಚೂರುಗಳಿಗೆ ಹೊಂದುವ ಚಿತ್ರಗಳು ಲೆಕ್ಕವಿಲ್ಲದಷ್ಟಿವೆ. 2023ರಲ್ಲಿ ಲಿಯಾ ಮೆಡೈರೋಸ್ ಮತ್ತು ಸಂಗಡಿಗರು, ಕಪ್ಪುರಂಧ್ರಗಳ ಸುಮಾರು 30,000 ಕೃತಕ ಚಿತ್ರಗಳನ್ನು ಕಂಪ್ಯೂಟರ್‌ಗೆ ಉಣಿಸಿ, ಅವುಗಳಲ್ಲಿ ಮತ್ತೆ ಮತ್ತೆ ಬರುವ ವಿನ್ಯಾಸಗಳನ್ನು ಕಲಿಸಿ, ಹಳೆಯ ದತ್ತಾಂಶದಿಂದಲೇ ಹೊಸ ಚಿತ್ರ ತೆಗೆದರು. ಬಳೆಯ ದಪ್ಪ ಸುಮಾರು ಅರ್ಧಕ್ಕಿಳಿಯಿತು, ಚಿತ್ರ ಸ್ಪಷ್ಟವಾಯಿತು. ಗಾಸ್ ಕೆಪ್ಲರ್‌ನನ್ನು ನಂಬಿದ ಹಾಗೆ ಇಲ್ಲಿ ಆ ಕೃತಕ ಚಿತ್ರಗಳನ್ನು ನಂಬಲಾಗಿದೆ. ಅವನ ನಂಬಿಕೆಯನ್ನು ಒಂದು ವಾಕ್ಯದಲ್ಲಿ ಬರೆಯಬಹುದಿತ್ತು, 30,000 ಚಿತ್ರಗಳೊಳಗಿನ ನಂಬಿಕೆಯನ್ನು ಹಾಗೆ ಬರೆಯಲಾಗುವುದಿಲ್ಲ. ಹಾಗೆಂದು ವಿಧಾನ ತಪ್ಪಲ್ಲ. ಯಾವ ಚಿತ್ರ, ಯಾವ ಸಿದ್ಧಾಂತದಿಂದ ತಯಾರಾದದ್ದು ಎಂದು ಕೇಳುವ ಕೆಲಸ ಹೆಚ್ಚಾಗುತ್ತದೆ, ಅಷ್ಟೇ.

ಈ ಜಾಡು ನಮ್ಮ ಬೆಂಗಳೂರಿನಲ್ಲೂ ಹಾದುಹೋಗಿದೆ. ಆಸ್ಪತ್ರೆಯ ಸಿಟಿ ಸ್ಕ್ಯಾನ್ ಕೂಡ ವಿಲೋಮ ಸಮಸ್ಯೆಯೇ. ದೇಹವನ್ನು ದಾಟಿಬಂದ ಎಕ್ಸ್-ಕಿರಣಗಳ ನೆರಳುಗಳಿಂದ ಒಳಗಿನ ಚಿತ್ರ ಕಟ್ಟಬೇಕು. ಆ ಲೆಕ್ಕವನ್ನು ಬಹಳ ಹಗುರ ಮಾಡುವ ವಿಧಾನವನ್ನು 1971ರಲ್ಲಿ ಪ್ರಕಟಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್.

ಗಾಸ್‌ನ ಕಥೆಗೆ ಮರಳೋಣ. ಗ್ರಂಥ ಬಂದ 1809ರಲ್ಲೇ, ಮದುವೆಯಾಗಿ ನಾಲ್ಕು ವರ್ಷವಾದ ಎರಡೇ ದಿನಕ್ಕೆ ಯೊಹಾನ್ನಾ ಹೆರಿಗೆಯ ನಂತರ ತೀರಿಕೊಂಡಳು. ಆ ಮಗುವೂ ಉಳಿಯಲಿಲ್ಲ. ಮರುವರ್ಷ ಅವಳ ಗೆಳತಿ ಮಿನ್ನಾಳನ್ನು ಮದುವೆಯಾದರೂ ಆ ಪೆಟ್ಟಿನಿಂದ ಅವನು ಪೂರ್ತಿ ಚೇತರಿಸಿಕೊಳ್ಳಲಿಲ್ಲ ಎನ್ನುತ್ತಾರೆ. ಮುಂದೆ ಹ್ಯಾನೋವರ್ ರಾಜ್ಯದ ಭೂಮಾಪನಕ್ಕೆ ಇಳಿದು ವರ್ಷಗಟ್ಟಲೆ ಬಿಸಿಲಲ್ಲಿ ಗುಡ್ಡ ಗುಡ್ಡ ಅಲೆದ. ದೂರದ ಗುಡ್ಡಕ್ಕೆ ಸೂರ್ಯನ ಬೆಳಕನ್ನು ಕನ್ನಡಿಯಿಂದ ಹಾಯಿಸುವ ಹೀಲಿಯೊಟ್ರೋಪ್ ಎಂಬ ಸಾಧನ ಕಟ್ಟಿದ. ಅಷ್ಟು ದೊಡ್ಡ ಗಣಿತಜ್ಞನಿಗೆ ಇದು ತಕ್ಕ ಕೆಲಸವೇ ಎಂದು ಕೇಳಿದವರಿದ್ದರು. ನನಗನ್ನಿಸುವುದು, ಕೈಯಾರೆ ಅಳತೆ ಮಾಡಿ ಸುಸ್ತಾದವನಿಗೇ ಅಳತೆಯ ತಪ್ಪಿನ ಮೇಲೆ ಅಷ್ಟು ಗೌರವ ಬರುವುದು.

1831ರಲ್ಲಿ ಭೌತವಿಜ್ಞಾನಿ ವಿಲ್ಹೆಲ್ಮ್ ವೆಬರ್ ಗೊಟಿಂಗೆನ್‌ಗೆ ಬಂದ. ಇಬ್ಬರೂ ಸೇರಿ 1833ರಲ್ಲಿ ಊರಿನ ಮನೆಗಳ ಮೇಲೆ ಸುಮಾರು ಒಂದು ಕಿಲೋಮೀಟರ್ ತಂತಿ ಎಳೆದು ಟೆಲಿಗ್ರಾಫ್ ನಡೆಸಿದರು. ಅದಕ್ಕಿಂತ ದೊಡ್ಡದು ಭೂಮಿಯ ಕಾಂತಕ್ಷೇತ್ರದ ಕೆಲಸ. ಬೇರೆ ಬೇರೆ ದೇಶಗಳಲ್ಲಿ ಅಳೆದ ದಿಕ್ಸೂಚಿಯ ಅಂಕಿಗಳಿಂದ, 24 ಸಂಖ್ಯೆಗಳಲ್ಲಿ ಇಡೀ ಭೂಮಿಯ ಕಾಂತಕ್ಷೇತ್ರವನ್ನು ಹಿಡಿದಿಟ್ಟ ಗಾಸ್‌ನ ಸಿದ್ಧಾಂತ 1839ರಲ್ಲಿ ಬಂತು. ಅದರ ಮೂಲ ಆಕಾಶದಲ್ಲಲ್ಲ, ಹೆಚ್ಚುಕಡಿಮೆ ಪೂರ್ತಿ ಭೂಮಿಯ ಒಳಗೇ ಇದೆ ಎಂದು ಆ ಲೆಕ್ಕ ತೋರಿಸಿತು. ನಮ್ಮ ಫೋನಿನ ದಿಕ್ಸೂಚಿ ಇವತ್ತು ಬಳಸುವ ಕೋಷ್ಟಕದಲ್ಲಿರುವುದು ಅದೇ ಬಗೆಯ ಸಂಖ್ಯೆಗಳು. ಅವುಗಳನ್ನು ಗಾಸ್ ಗುಣಾಂಕಗಳೆಂದೇ ಕರೆಯುತ್ತಾರೆ.

ಆ ಬರಹದಲ್ಲಿ ಅವನು ಇನ್ನೊಂದು ವಿಷಯವನ್ನೂ ಒಪ್ಪಿಕೊಂಡ. ಒಳಗೆ ಎಂದು ಹೇಳಬಲ್ಲೆವು, ಒಳಗೆ ಎಲ್ಲಿ, ಯಾವ ಆಳದಲ್ಲಿ, ಹೇಗೆ ಹರಡಿದೆ ಎಂದು ಮೇಲಿನ ಅಳತೆಗಳಿಂದ ಹೇಳಲಾಗದು. ಒಂದೇ ಹೊರಗಿನ ಕ್ಷೇತ್ರವನ್ನು ಕೊಡುವ ಒಳಗಿನ ಹಂಚಿಕೆಗಳು ಎಷ್ಟೋ ಇವೆ. ಹುಣಸೆಯೋ ಟೊಮೆಟೊವೋ ಎಂಬಲ್ಲಿ ಗಾಸ್ ನಿಂತ. ಎಷ್ಟು ಕಂಪ್ಯೂಟರ್ ತಂದರೂ, ಎಷ್ಟು ಪದರದ ನೆಟ್‌ವರ್ಕ್ ಕಟ್ಟಿದರೂ ಆ ಗೋಡೆ ಅಲ್ಲೇ ಇದೆ. ಹೊಸ ಬಗೆಯ ಅಳತೆ ಬೇಕು, ಇಲ್ಲವೇ ಹೊರಗಿನಿಂದ ಒಂದು ಊಹೆ ತರಬೇಕು.

ಹುಟ್ಟಿದ ದಿನದ ಸುಳಿವು ಕೊಟ್ಟ ತಾಯಿ ಡೊರೊಥಿಯಾ 1817ರಿಂದ ಮಗನ ಜತೆಗೇ ಇದ್ದಳು. ಕೊನೆಯ ವರ್ಷಗಳಲ್ಲಿ ಕಣ್ಣು ಹೋಗಿತ್ತು, ಅವನೇ ನೋಡಿಕೊಂಡ. ಕಾಂತಕ್ಷೇತ್ರದ ಸಿದ್ಧಾಂತ ಬಂದ 1839ರಲ್ಲೇ, 95ನೇ ವಯಸ್ಸಿನಲ್ಲಿ, ತೀರಿಕೊಂಡಳು. ಗಾಸ್ ಹೋದದ್ದು 1855ರ ಫೆಬ್ರವರಿ 23ರಂದು, ನಿದ್ದೆಯಲ್ಲೇ. ಹನ್ನೊಂದು ವರ್ಷದ ನಂತರ, 1866ರಲ್ಲಿ, ಅವನ ಕಾಗದಪತ್ರಗಳನ್ನು ಅಚ್ಚು ಮಾಡಿದಾಗ, ಪಲ್ಲಾಸ್ ಎಂಬ ಇನ್ನೊಂದು ಸಣ್ಣ ಗ್ರಹದ ಕಕ್ಷೆಗಾಗಿ 1805ರ ಸುಮಾರಿಗೆ ಬರೆದ ಹಸ್ತಪ್ರತಿಯೊಂದೂ ಹೊರಬಂತು. ಲ್ಯಾಟಿನ್‌ನಲ್ಲಿತ್ತು, ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಅದರಲ್ಲಿದ್ದ ಲೆಕ್ಕದ ಜಾಣತನವನ್ನು 1965ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬ ಇಬ್ಬರು ಹೊಸದಾಗಿ ಕಂಡುಹಿಡಿದರು. ಎಫ್‌ಎಫ್‌ಟಿ ಎಂಬ ಹೆಸರಿನಲ್ಲಿ ನಾವು ಐದನೇ ಸೆಮಿಸ್ಟರ್‌ನಲ್ಲಿ ಓದುವುದು ಅದನ್ನೇ.